ಕೇಟ್ ಬುಷ್ ಬಾಕ್ಸ್ ಸೆಟ್: ಮೊದಲ ಸಿಡಿ ಬದಿಗಿಡಿ, ಐದನೆಯದು ಹಾಕಿ

ಒಬ್ಬ ಸಂಗೀತಗಾರ್ತಿಯ ಸುಮಾರು 40 ವರ್ಷದ ಕೆಲಸ ಒಟ್ಟಿಗೆ ಕೈಗೆ ಬಂದರೆ ಎಲ್ಲರೂ ಮಾಡುವುದು ಒಂದೇ. ಮೊದಲ ಸಿಡಿ ಹಾಕುತ್ತಾರೆ, ಆಮೇಲೆ ಎರಡನೆಯದು, ಮೂರನೆಯದರ ಹೊತ್ತಿಗೆ ಕಿವಿ ಸುಸ್ತಾಗಿ ಬಾಕ್ಸ್ ಕಪಾಟು ಸೇರುತ್ತದೆ. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ಅವರ ‘ರೀಮಾಸ್ಟರ್ಡ್’ ಬಾಕ್ಸ್ ಸೆಟ್ ವಿಷಯದಲ್ಲಿ ಹೀಗಾಗುವುದು ಇನ್ನೂ ಜಾಸ್ತಿ. ಮೊದಲ ಎರಡು ಆಲ್ಬಂಗಳಲ್ಲಿ ದನಿ ಅಷ್ಟು ಮೇಲೆ ಹಾರುತ್ತದೆ, ಅಷ್ಟು ವಿಚಿತ್ರವಾಗಿ ತಿರುಗುತ್ತದೆ, ಅಭ್ಯಾಸ ಇಲ್ಲದವರಿಗೆ ಎರಡನ್ನೂ ಒಂದೇ ಸಲಕ್ಕೆ ಕೇಳುವುದು ಕಷ್ಟ. ಹಾಗಾಗಿ ಇಸವಿ ಪ್ರಕಾರ ಕೇಳಬೇಡಿ. ಮಧ್ಯದಿಂದ ಶುರು ಮಾಡಿ, ಸ್ವಲ್ಪ ಹಿಂದೆ ಹೋಗಿ, ಆಮೇಲೆ ಮುಂದಕ್ಕೆ ಬನ್ನಿ. ಯಾವ ಸಿಡಿ ಯಾವಾಗ, ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಮೊದಲು ಒಳಗೆ ಏನಿದೆ ನೋಡೋಣ. ಇದು ಒಂದಲ್ಲ, ಎರಡು ಬಾಕ್ಸ್. ಎರಡೂ 2018ರ ನವೆಂಬರ್‌ನಲ್ಲಿ, ಎರಡು ವಾರದ ಅಂತರದಲ್ಲಿ ಬಂದವು. ಮೊದಲ ಭಾಗದಲ್ಲಿ 7 ಸಿಡಿ: ‘ದಿ ಕಿಕ್ ಇನ್‌ಸೈಡ್’, ‘ಲಯನ್‌ಹಾರ್ಟ್’, ‘ನೆವರ್ ಫಾರ್ ಎವರ್’, ‘ದಿ ಡ್ರೀಮಿಂಗ್’, ‘ಹೌಂಡ್ಸ್ ಆಫ್ ಲವ್’, ‘ದಿ ಸೆನ್ಶುಯಲ್ ವರ್ಲ್ಡ್’, ‘ದಿ ರೆಡ್ ಶೂಸ್’. ಅಂದರೆ 1978ರಿಂದ 1993ರವರೆಗಿನದು ಪೂರ್ತಿ. ಎರಡನೇ ಭಾಗದಲ್ಲಿ 11 ಸಿಡಿ. ಅದರಲ್ಲಿ ‘ಏರಿಯಲ್’ಗೆ ಎರಡು, ‘ಡೈರೆಕ್ಟರ್ಸ್ ಕಟ್’ಗೆ ಒಂದು, ‘50 ವರ್ಡ್ಸ್ ಫಾರ್ ಸ್ನೋ’ಗೆ ಒಂದು, ‘ಬಿಫೋರ್ ದಿ ಡಾನ್’ ಅನ್ನುವ ಲೈವ್ ಆಲ್ಬಂಗೆ ಮೂರು. ಉಳಿದ ನಾಲ್ಕರಲ್ಲಿ ಬಿಡಿ ಹಾಡುಗಳು, ಸಿಂಗಲ್ ತಟ್ಟೆಗಳ ಹಿಂಬದಿಯಲ್ಲಿ ಬಂದ ಬಿ-ಸೈಡ್‌ಗಳು, ಉದ್ದನೆಯ ಮಿಕ್ಸ್‌ಗಳು, ಬೇರೆಯವರ ಹಾಡುಗಳು ಇವೆ. ವಿನೈಲ್ ತಟ್ಟೆ ಬೇಕು ಅನ್ನುವವರಿಗೆ, ಲೈವ್ ಆಲ್ಬಂ ಒಂದನ್ನು ಬಿಟ್ಟು, ಇದೇ ಸಾಮಾನು ನಾಲ್ಕು ಬಾಕ್ಸ್‌ಗಳಾಗಿ ಬಂದಿದೆ.

ಕೊಳ್ಳುವ ಮೊದಲು ಎರಡು ವಿಷಯ ಗೊತ್ತಿರಲಿ. ನಿಮಗೆ ಆಲ್ಬಂಗಳೆಲ್ಲ ಆಗಲೇ ಇದ್ದು, ಬರೀ ಆ ಕೊನೆಯ ನಾಲ್ಕು ಸಿಡಿ ಬೇಕಿದ್ದರೆ, ಎರಡನೇ ಬಾಕ್ಸ್ ಪೂರ್ತಿ ಕೊಳ್ಳಬೇಕಿಲ್ಲ. ಅವು 2019ರ ಮಾರ್ಚ್‌ನಲ್ಲಿ ‘ದಿ ಅದರ್ ಸೈಡ್ಸ್’ ಹೆಸರಲ್ಲಿ ಬೇರೆಯಾಗಿಯೇ ಬಂದವು. ಮೊದಲೇ ಬಾಕ್ಸ್ ಕೊಂಡವರಿಗೆ ಇದು ಕೋಪ ತರಿಸುವ ವಿಷಯವೇ, ಆದರೆ ಈಗ ಕೊಳ್ಳುವವರಿಗೆ ಅನುಕೂಲ. ಇನ್ನೊಂದು, ಹಳೆಯ ಸಾಮಾನು ಮಾರುವ ಕಡೆ ‘ದಿಸ್ ವುಮನ್ಸ್ ವರ್ಕ್’ ಅಂತ ಒಂದು ಬಾಕ್ಸ್ ಕಾಣಿಸಬಹುದು. ಅದು 1990ರದು. 8 ಸಿಡಿ, ಮೊದಲ ಆರು ಆಲ್ಬಂ ಮತ್ತು ಎರಡು ಸಿಡಿ ತುಂಬ ಬಿಡಿ ಹಾಡುಗಳು. ಸಂಗ್ರಹ ಮಾಡುವವರಿಗೆ ಅದು ಪ್ರೀತಿಯ ವಸ್ತು, ಸರಿ. ಆದರೆ ಕೇಳೋಕೆ ಅಂತ ಕೊಳ್ಳುವುದಾದರೆ ಅದರಲ್ಲಿ ‘ಏರಿಯಲ್’ ಇಲ್ಲ, ‘50 ವರ್ಡ್ಸ್’ ಇಲ್ಲ, ಲೈವ್ ಇಲ್ಲ. ಅರ್ಧ ಕಥೆ ಅಷ್ಟೇ. ಇನ್ನು ದುಡ್ಡು ಹಾಕುವ ಮುಂಚೆ ಕಿವಿಗೆ ಹಿಡಿಸುತ್ತದಾ ಅಂತ ನೋಡಬೇಕಿದ್ದರೆ ಈ ರೀಮಾಸ್ಟರ್‌ಗಳೆಲ್ಲ ಸ್ಟ್ರೀಮಿಂಗ್‌ನಲ್ಲೂ ಇವೆ, ಸುಮ್ನೆ ಅಲ್ಲೇ ಒಂದು ವಾರ ಕೇಳಿ.

ರೀಮಾಸ್ಟರ್ ಅಂದರೆ ಹಾಡನ್ನು ಬದಲಿಸಿದ್ದಾರೆ ಅಂತ ಅಲ್ಲ. ಹಾಡಿದ್ದು ಅದೇ, ನುಡಿಸಿದ್ದು ಅದೇ, ಯಾವ ವಾದ್ಯ ಎಷ್ಟು ಜೋರಾಗಿರಬೇಕು ಅನ್ನುವ ಮಿಕ್ಸ್ ಕೂಡ ಅದೇ. ಮುಗಿದ ಆ ಮಿಕ್ಸ್‌ನ ಒಟ್ಟು ದನಿಯನ್ನು, ಅಂದರೆ ಮಂದ್ರ, ತಾರ, ಗಟ್ಟಿತನ ಇವನ್ನು, ಹೊಸದಾಗಿ ಹದ ಮಾಡುವುದು ರೀಮಾಸ್ಟರಿಂಗ್. ಇಲ್ಲಿ ಆ ಕೆಲಸವನ್ನು ಕೇಟ್ ಜೊತೆ ಸೇರಿ ಮಾಡಿದ್ದು ಜೇಮ್ಸ್ ಗತ್ರಿ, ಪಿಂಕ್ ಫ್ಲಾಯ್ಡ್ ಬ್ಯಾಂಡ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಇಂಜಿನಿಯರ್. ಈಗಿನ ಎಷ್ಟೋ ರೀಮಾಸ್ಟರ್‌ಗಳ ಹಾಗೆ ಎಲ್ಲವನ್ನೂ ಜೋರು ಮಾಡಿ ಚಪ್ಪಟೆ ಮಾಡಿಲ್ಲ. ಪಿಸುಮಾತು ಪಿಸುಮಾತಾಗಿಯೇ ಇದೆ. ಆದ್ದರಿಂದ ವಾಲ್ಯೂಮನ್ನು ನೀವೇ ಸ್ವಲ್ಪ ಏರಿಸಿಕೊಳ್ಳಿ.

ಕೇಳುವ ಕ್ರಮಕ್ಕೆ ಬರೋಣ. ಶಫಲ್ ಆಫ್ ಮಾಡಿ, ಇದು ಕಡ್ಡಾಯ. ದಿನಕ್ಕೆ ಒಂದು ಆಲ್ಬಂ ಸಾಕು. ಮತ್ತೆ ಇವುಗಳಲ್ಲಿ ಜಾಸ್ತಿ ಎಲ್‌ಪಿ ಕಾಲದ ಆಲ್ಬಂಗಳು, ಎರಡು ಬದಿ ಇಟ್ಟುಕೊಂಡು ಕಟ್ಟಿದವು. ಸಿಡಿಯಲ್ಲಿ ಆ ವಿರಾಮ ಮಾಯವಾಗಿದೆ. ಅದನ್ನು ನೀವೇ ವಾಪಸ್ ತನ್ನಿ: ಅರ್ಧಕ್ಕೆ ನಿಲ್ಲಿಸಿ, ಎದ್ದು ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ ಕೇಳಿ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಐದನೇ ಸಿಡಿಗೆ ಬಂದಾಗ ಇದರಿಂದಲೇ ಎಲ್ಲ ವ್ಯತ್ಯಾಸ ಆಗುತ್ತದೆ.

ಐದನೇ ಸಿಡಿ ಅಂದರೆ 1985ರ ‘ಹೌಂಡ್ಸ್ ಆಫ್ ಲವ್’. ಶುರು ಮಾಡಬೇಕಾದ್ದು ಇಲ್ಲಿಂದ. ಮೊದಲ ಹಾಡು ‘ರನ್ನಿಂಗ್ ಅಪ್ ದಟ್ ಹಿಲ್’ ನಿಮಗೆ ಆಗಲೇ ಗೊತ್ತಿರಬಹುದು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿ ಬಂದ ಮೇಲೆ, ಹೊರಬಂದ 37 ವರ್ಷಕ್ಕೆ, ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಏರಿತು. 1985ರಲ್ಲಿ ಅದು ಮೂರಕ್ಕೇ ನಿಂತಿತ್ತು. ಕೇಟ್ ಇಟ್ಟಿದ್ದ ಹೆಸರು ‘ಎ ಡೀಲ್ ವಿತ್ ಗಾಡ್’, ಆದರೆ ದೇವರ ಹೆಸರಿದ್ದರೆ ಕೆಲವು ದೇಶಗಳ ರೇಡಿಯೋದಲ್ಲಿ ಹಾಕುವುದಿಲ್ಲ ಅನ್ನುವ ಭಯಕ್ಕೆ ಬದಲಾಯಿಸಿದರು. ಈ ಮೊದಲರ್ಧದಲ್ಲಿ ಐದು ಹಾಡು, ಐದೂ ನೇರವಾಗಿ ಮನಸ್ಸಿಗೆ ಇಳಿಯುವಂಥವು. ಡ್ರಮ್ ಗಟ್ಟಿ, ರಾಗ ಸಲೀಸು. ಐದನೆಯದಾದ ‘ಕ್ಲೌಡ್‌ಬಸ್ಟಿಂಗ್’ ಮುಗಿದ ತಕ್ಷಣ ನಿಲ್ಲಿಸಿ.

ಯಾಕಂದ್ರೆ ಆರನೇ ಹಾಡಿನಿಂದ ಬೇರೆಯೇ ಕೃತಿ ಶುರುವಾಗುತ್ತದೆ. ಹೆಸರು ‘ದಿ ನೈನ್ತ್ ವೇವ್’. ಏಳು ಹಾಡು, ಒಂದೇ ಕಥೆ. ಒಬ್ಬಳು ರಾತ್ರಿ ಸಮುದ್ರದಲ್ಲಿ ಒಬ್ಬಂಟಿಯಾಗಿ ತೇಲುತ್ತಿದ್ದಾಳೆ, ಮೈಮೇಲೆ ಲೈಫ್ ಜಾಕೆಟ್, ಅದರಲ್ಲೊಂದು ಪುಟ್ಟ ದೀಪ. ನಿದ್ದೆ ಎಳೆಯುತ್ತಿದೆ, ಮಲಗಿದರೆ ಸತ್ತಳು. ಆಮೇಲಿನದ್ದೆಲ್ಲ ಅವಳ ತಲೆಯೊಳಗೆ ನಡೆಯುತ್ತದೆ: ಹಿಮಗಟ್ಟಿದ ನದಿ, ಎದ್ದೇಳು ಅಂತ ಕೂಗುವ ದನಿಗಳು, ಮಾಟಗಾತಿ ಅಂತ ವಿಚಾರಣೆ, ಮನೆಯಲ್ಲಿ ಕಾಯುತ್ತಿರುವವರ ಹತ್ತಿರ ಹೋಗಿ ನಿಂತರೂ ಅವರಿಗೆ ಕಾಣಿಸದಿರುವುದು, ಮುಂದೆ ತಾನೇ ಆಗಬೇಕಾದ ಮುದುಕಿ ಬಂದು ‘ನನ್ನನ್ನು ಬದುಕಿಸು’ ಅಂತ ಹಟ ಮಾಡುವುದು. ಐರಿಷ್ ವಾದ್ಯಗಾರರು ನುಡಿಸಿದ ‘ಜಿಗ್ ಆಫ್ ಲೈಫ್’ ಇಲ್ಲೇ ಬರುತ್ತದೆ. ‘ಹಲೋ ಅರ್ತ್’ನಲ್ಲಿ ಎಲ್ಲ ನಿಂತುಹೋಗಿ ಗಂಡಸರ ಕೋರಸ್ ಒಂದು ಏಳುತ್ತದಲ್ಲ, ಅದು ಜಾರ್ಜಿಯಾ ದೇಶದ ಜನಪದ ಹಾಡು.

ಇದನ್ನು ಕೇಳುವ ರೀತಿ ಹೀಗೆ. ಮೊದಲ ಸಲ ಸಾಹಿತ್ಯ ಓದಬೇಡಿ, ಹೆಡ್‌ಫೋನ್ ಹಾಕಿ, ಕತ್ತಲಲ್ಲಿ, 26 ನಿಮಿಷ ಫೋನ್ ಮುಟ್ಟದೆ ಕೂತುಕೊಳ್ಳಿ. ಏನೂ ಅರ್ಥವಾಗದಿದ್ದರೂ ಪರವಾಗಿಲ್ಲ. ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಮೊದಲೇ ಓದಿಬಿಟ್ಟರೆ ಆ ದನಿಗಳು ಎಲ್ಲಿಂದ ಬಂದವು ಅನ್ನುವ ಗಾಬರಿ ಹೋಗಿಬಿಡುತ್ತದೆ, ಆ ಗಾಬರಿಯೇ ಇಲ್ಲಿ ಮುಖ್ಯ ಅಲ್ವಾ. ಬಿಡಿ ಹಾಡಾಗಿ ಪ್ಲೇಲಿಸ್ಟ್‌ಗೆ ಸೇರಿಸಿದರೆ ಇದರಲ್ಲಿ ಅರ್ಧದಷ್ಟು ಹಾಡು ನಿಲ್ಲುವುದೇ ಇಲ್ಲ. ‘ಅಂಡರ್ ಐಸ್’ ಎರಡೂವರೆ ನಿಮಿಷಕ್ಕಿಂತ ಕಮ್ಮಿ, ಒಂಟಿಯಾಗಿ ಕೇಳಿದರೆ ಯಾವುದೋ ಸಿನಿಮಾದ ತುಣುಕು ಅನ್ನಿಸುತ್ತದೆ. ಹಿಂದೆ ಮುಂದೆ ಎರಡು ಹಾಡಿನ ನಡುವೆ ಕೇಳಿದರೆ ಮೈ ನಡುಗುತ್ತದೆ.

ಇಷ್ಟು ಹಿಡಿಸಿದರೆ, ಈಗ ಹಿಂದಕ್ಕೆ. ಮೂರನೇ ಮತ್ತು ನಾಲ್ಕನೇ ಸಿಡಿ, ಅದೇ ಕ್ರಮದಲ್ಲಿ. ‘ಹೌಂಡ್ಸ್’ನ ಆ ದನಿಗಳನ್ನೆಲ್ಲ ಮಾಡಿದ್ದು ಯಾವುದರಿಂದ ಅಂತ ಇಲ್ಲಿ ತಿಳಿಯುತ್ತದೆ: ಫೇರ್‌ಲೈಟ್ ಅನ್ನುವ ಯಂತ್ರ. ಆಸ್ಟ್ರೇಲಿಯಾದ್ದು, ಯಾವ ಸದ್ದನ್ನಾದರೂ ರೆಕಾರ್ಡ್ ಮಾಡಿಕೊಂಡು ಕೀಬೋರ್ಡಿನ ಮೇಲೆ ರಾಗವಾಗಿ ನುಡಿಸಲು ಬಿಡುತ್ತಿದ್ದ ಮೊದಲ ಯಂತ್ರಗಳಲ್ಲಿ ಒಂದು. ಕೇಟ್‌ಗೆ ಅದರ ಪರಿಚಯ ಆದದ್ದು ಗಾಯಕ ಪೀಟರ್ ಗೇಬ್ರಿಯಲ್ ಮೂಲಕ. 1980ರ ‘ನೆವರ್ ಫಾರ್ ಎವರ್’ನಲ್ಲಿ ಅದು ಮೊದಲ ಸಲ ಕೇಳಿಸುತ್ತದೆ. ‘ಬಬೂಷ್ಕಾ’ದಲ್ಲಿ ಗಾಜು ಒಡೆಯುವುದನ್ನು ಗಮನಿಸಿ, ‘ಆರ್ಮಿ ಡ್ರೀಮರ್ಸ್’ನಲ್ಲಿ ಬಂದೂಕಿನ ಕುದುರೆ ಎಳೆಯುವ ಸದ್ದೇ ತಾಳವಾಗಿರುವುದನ್ನು ಗಮನಿಸಿ. ಕೊನೆಯ ಹಾಡು ‘ಬ್ರೀದಿಂಗ್’ ಅಣುಯುದ್ಧದ ಬಗ್ಗೆ, ಹೇಳುತ್ತಿರುವುದು ಇನ್ನೂ ಹುಟ್ಟದ ಮಗು. ಬ್ರಿಟನ್ನಿನಲ್ಲಿ ಅಲ್ಲಿಯದೇ ಗಾಯಕಿಯೊಬ್ಬಳ ಆಲ್ಬಂ ಒಂದನೇ ಸ್ಥಾನಕ್ಕೆ ಬಂದದ್ದು ಇದೇ ಮೊದಲು. ಇಂಥ ಹಾಡುಗಳನ್ನಿಟ್ಟುಕೊಂಡು ಬಂತು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

1982ರ ‘ದಿ ಡ್ರೀಮಿಂಗ್’ ಕಷ್ಟದ ಆಲ್ಬಂ. ನೇರವಾಗಿ ಹೇಳಿಬಿಡುತ್ತೇನೆ, ಮೊದಲ ಸಲ ಕೇಳಿದಾಗ ಇದು ಗಲಾಟೆ ಅನ್ನಿಸುತ್ತದೆ. ಪೂರ್ತಿ ತಾವೇ ನಿರ್ಮಾಣ ಮಾಡಿದ ಮೊದಲ ಆಲ್ಬಂ ಇದು, ತಡೆಯುವವರು ಯಾರೂ ಇರಲಿಲ್ಲ, ಮನಸ್ಸಿಗೆ ಬಂದದ್ದೆಲ್ಲ ಹಾಕಿದ್ದಾರೆ. ಒಂದೇ ಹಾಡಿನಲ್ಲಿ ನಾಲ್ಕೈದು ಬೇರೆ ಬೇರೆ ದನಿ, ಕೊನೆಯ ಹಾಡಿನಲ್ಲಿ ಕತ್ತೆಯ ಕೂಗು. ‘ಹೌಡಿನಿ’ ಹಾಡಿಗೆ ಗಂಟಲು ಒರಟಾಗಲಿ ಅಂತ ಹಾಲು, ಚಾಕೊಲೇಟ್ ಸೇವಿಸಿ ಹಾಡಿದ್ದರಂತೆ. ಇದನ್ನು ಸ್ಪೀಕರಿನಲ್ಲಿ ಹಾಕಿ ಬೇರೆ ಕೆಲಸ ಮಾಡುತ್ತಾ ಕೇಳಿದರೆ ತಲೆನೋವು ಖಂಡಿತ. ಹೆಡ್‌ಫೋನ್‌ನಲ್ಲಿ ಕೇಳಿ, ಒಂದೊಂದು ಸಲಕ್ಕೆ ಒಂದೊಂದು ಪದರ ಹಿಡಿದುಕೊಳ್ಳಿ: ಒಮ್ಮೆ ಬರೀ ಡ್ರಮ್, ಇನ್ನೊಮ್ಮೆ ಬರೀ ಹಿಂದಿನ ದನಿಗಳು. ಮೂರನೇ ಸಲದ ಹೊತ್ತಿಗೆ ಗಲಾಟೆ ಕರಗಿ ಲೆಕ್ಕ ಕಾಣಿಸುತ್ತದೆ. ಆಗಲೂ ಹಿಡಿಸದಿದ್ದರೆ ಬಿಟ್ಟು ಮುಂದೆ ಹೋಗಿ, ಯಾರೂ ಪರೀಕ್ಷೆ ಮಾಡುವುದಿಲ್ಲ. ನನ್ನ ಮಟ್ಟಿಗಂತೂ ಈ ಇಡೀ ಬಾಕ್ಸ್‌ನಲ್ಲಿ ಜಾಸ್ತಿ ಸಲ ವಾಪಸ್ ಹೋಗುವುದು ಇದಕ್ಕೇ.

ಆರನೆಯದು, 1989ರ ‘ದಿ ಸೆನ್ಶುಯಲ್ ವರ್ಲ್ಡ್’, ಡ್ರೀಮಿಂಗ್ ಆದ ಮೇಲೆ ಕೇಳಿದರೆ ಕಿವಿಗೆ ತಂಪು. ಇಲ್ಲಿ ಮೂರು ಹಾಡುಗಳಲ್ಲಿ ಟ್ರಿಯೋ ಬಲ್ಗಾರ್ಕಾ ಅನ್ನುವ ಬಲ್ಗೇರಿಯಾದ ಮೂವರು ಹೆಂಗಸರು ಹಾಡಿದ್ದಾರೆ. ‘ರಾಕೆಟ್ಸ್ ಟೇಲ್’ನ ಮೊದಲ ಭಾಗದಲ್ಲಿ ವಾದ್ಯವೇ ಇಲ್ಲ, ಅವರ ದನಿ ಮತ್ತು ಕೇಟ್ ದನಿ ಮಾತ್ರ. ಸಂಜೆ ಹೊತ್ತಿನ ಆಲ್ಬಂ ಇದು. ಇದರ ಶೀರ್ಷಿಕೆ ಹಾಡನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿಂದ ಏಳನೆಯದನ್ನು ಹಾರಿಸಿ ಎರಡನೇ ಬಾಕ್ಸ್‌ಗೆ ಹೋಗಿ, ‘ಏರಿಯಲ್’ ತೆಗೆಯಿರಿ. 2005ರದು, ಹಿಂದಿನ ಆಲ್ಬಂ ಬಂದು 12 ವರ್ಷವಾಗಿತ್ತು. ಎರಡು ಸಿಡಿ. ಮೊದಲನೆಯದು ಬಿಡಿ ಹಾಡುಗಳು: ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಒಂದು, ಮಗನ ಬಗ್ಗೆ ಒಂದು, ಪೈ ಸಂಖ್ಯೆಯ ಅಂಕಿಗಳನ್ನು ಒಂದೊಂದಾಗಿ ಹಾಡುವುದು ಒಂದು. ಪೈ ಹಾಡಿನ ಮಧ್ಯೆ ಕೆಲವು ಅಂಕಿ ಬಿಟ್ಟುಹೋಗಿವೆ, ಲೆಕ್ಕದವರು ಬೇಕಿದ್ದರೆ ಹುಡುಕಿಕೊಳ್ಳಲಿ. ಆದರೆ ನೀವು ಮೊದಲು ಹಾಕಬೇಕಾದ್ದು ಎರಡನೇ ಸಿಡಿ, ‘ಎ ಸ್ಕೈ ಆಫ್ ಹನಿ’. ‘ನೈನ್ತ್ ವೇವ್’ನ ಹಾಗೆ ಇದೂ ಒಂದೇ ಹರಿವು, 42 ನಿಮಿಷ. ಅಲ್ಲಿ ರಾತ್ರಿ ಸಮುದ್ರದ ಭಯ ಇದ್ದರೆ ಇಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ ಇಳಿದು, ಸಂಜೆಯಾಗಿ, ರಾತ್ರಿಯಾಗಿ, ಮತ್ತೆ ಬೆಳಗಾಗುವುದು. ಉದ್ದಕ್ಕೂ ಹಕ್ಕಿಗಳ ದನಿ. ಎರಡನ್ನೂ ಒಂದೇ ವಾರದಲ್ಲಿ ಕೇಳಿದರೆ, 20 ವರ್ಷದ ಅಂತರದಲ್ಲಿ ಅದೇ ವ್ಯಕ್ತಿ ಎಷ್ಟು ನಿರಾಳವಾಗಿದ್ದಾರೆ ಅಂತ ಗೊತ್ತಾಗುತ್ತದೆ.

ಹಳೆಯ ‘ಏರಿಯಲ್’ ಸಿಡಿ ಇರುವವರಿಗೆ ಒಂದು ಸೂಚನೆ. ಅದರಲ್ಲಿ ಚಿತ್ರಕಾರನ ಪಾತ್ರಕ್ಕೆ ದನಿ ಕೊಟ್ಟಿದ್ದ ಟಿವಿ ಕಲಾವಿದನಿಗೆ 2014ರಲ್ಲಿ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಬಾಕ್ಸ್‌ನಲ್ಲಿರುವ ಆವೃತ್ತಿಯಲ್ಲಿ ಆ ಭಾಗವನ್ನು ಕೇಟ್ ಅವರ ಮಗ ಬರ್ಟಿ ಹಾಡಿದ್ದಾರೆ. ರೀಮಾಸ್ಟರ್ ಅಂದರೆ ಏನೂ ಬದಲಾಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದೊಂದು ಅಪವಾದ.

‘ನೈನ್ತ್ ವೇವ್’, ‘ಸ್ಕೈ ಆಫ್ ಹನಿ’ ಎರಡೂ ಕಿವಿಯಲ್ಲಿ ಕೂತ ಮೇಲೆಯೇ ‘ಬಿಫೋರ್ ದಿ ಡಾನ್’ ಹಾಕಿ. ಕೇಟ್ 1979ರಲ್ಲಿ ಒಂದು ಪ್ರವಾಸ ಮಾಡಿದರು, ಆಮೇಲೆ 35 ವರ್ಷ ಇಂಥ ಪೂರ್ಣ ಕಾರ್ಯಕ್ರಮ ಕೊಡಲಿಲ್ಲ. 2014ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ 22 ರಾತ್ರಿ ಹಾಡಿದರು. ಆ ಕಾರ್ಯಕ್ರಮದ ರೆಕಾರ್ಡಿಂಗ್ ಇದು. ಮೊದಲ ನಾಲ್ಕು ಆಲ್ಬಂಗಳಿಂದ ಒಂದೇ ಒಂದು ಹಾಡೂ ಇಲ್ಲ! ಹಿಟ್‌ಗಳ ಮೆರವಣಿಗೆ ಅಂದುಕೊಂಡು ಕೇಳಿದರೆ ನಿರಾಸೆ. ಇದರ ಬೆನ್ನೆಲುಬು ಆ ಎರಡು ಉದ್ದನೆಯ ಕಥೆಗಳೇ, ಎರಡನ್ನೂ ಪೂರ್ತಿ ವೇದಿಕೆಗೆ ತಂದಿದ್ದಾರೆ. ಆ ಎರಡು ಆಲ್ಬಂಗಳನ್ನು ಮೊದಲು ಕೇಳಿ ಅಂದದ್ದಕ್ಕೆ ಇದೇ ದೊಡ್ಡ ಕಾರಣ. ಸ್ಟುಡಿಯೋದಲ್ಲಿ ಇನ್ನೂ 27 ತುಂಬದ ದನಿ ಸಾಯುತ್ತೇನೇನೋ ಅಂತ ಹೆದರುತ್ತದೆ, ಇಲ್ಲಿ 56ರ ದನಿ ಅದೇ ಸಾಲು ಹಾಡುವಾಗ ಭಾರ ಬೇರೆ. ನಡುವೆ ಬರುವ ನಾಟಕದ ಸಂಭಾಷಣೆಗಳನ್ನು ಎರಡನೇ ಸಲ ದಾಟಿಸಿಕೊಂಡು ಹೋದರೆ ತಪ್ಪೇನಿಲ್ಲ, ಅವು ಕಣ್ಣಿಗಾಗಿ ಮಾಡಿದ್ದು.

ಈಗ ಬನ್ನಿ ಮೊದಲ ಸಿಡಿಗೆ. ‘ವದರಿಂಗ್ ಹೈಟ್ಸ್’ ಹಾಡಿದಾಗ ಕೇಟ್‌ಗೆ ಇನ್ನೂ 20 ತುಂಬಿರಲಿಲ್ಲ. ತಾನೇ ಬರೆದ ಹಾಡಿನಿಂದ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಬಂದ ಮೊದಲ ಗಾಯಕಿ. ಮೊದಲೇ ಕೇಳಿದ್ದರೆ ಆ ಎತ್ತರದ ದನಿ ಬರೀ ವಿಚಿತ್ರ ಅನ್ನಿಸುತ್ತಿತ್ತು. ಈಗ ಅದು ಆ ಹಾಡನ್ನು ಹೇಳುವ ದೆವ್ವದ ಪಾತ್ರಕ್ಕೆ ಬೇಕಂತಲೇ ಆರಿಸಿಕೊಂಡ ದನಿ ಅಂತ ತಿಳಿಯುತ್ತದೆ, ಈಕೆ ಪ್ರತಿ ಹಾಡಿಗೂ ಹೊಸ ವೇಷ ಹಾಕುತ್ತಾರೆ ಅನ್ನುವುದು ಅಷ್ಟು ಹೊತ್ತಿಗೆ ರೂಢಿಯಾಗಿರುತ್ತದೆ. ಅದೇ ಆಲ್ಬಂನ ‘ದಿ ಮ್ಯಾನ್ ವಿತ್ ದಿ ಚೈಲ್ಡ್ ಇನ್ ಹಿಸ್ ಐಸ್’ ರೆಕಾರ್ಡ್ ಆದದ್ದು 1975ರಲ್ಲಿ, ಆಗ ಅವರಿಗೆ 16 ವರ್ಷ. ‘ಲಯನ್‌ಹಾರ್ಟ್’ ಅದೇ 1978ರಲ್ಲಿ ಅವಸರದಲ್ಲಿ ಮಾಡಿದ್ದು. ಒಳ್ಳೆಯ ಹಾಡುಗಳಿವೆ, ‘ವಾವ್’ ಬಿಡಬೇಡಿ. ಆದರೆ ಇಡೀ ಆಲ್ಬಂ ಮೊದಲನೆಯದರ ನೆರಳಿನಲ್ಲೇ ಇದೆ.

ಏಳನೆಯದಾದ ‘ದಿ ರೆಡ್ ಶೂಸ್’ ಮತ್ತು 2011ರ ‘ಡೈರೆಕ್ಟರ್ಸ್ ಕಟ್’ ಎರಡನ್ನೂ ಬೇರೆ ಬೇರೆ ಕೇಳಬೇಡಿ, ಅಕ್ಕಪಕ್ಕ ಇಟ್ಟು ಕೇಳಿ. 1993ರ ಆಲ್ಬಂನಲ್ಲಿ ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಪ್ರಿನ್ಸ್ ಅವರಂಥ ಹೆಸರಾಂತ ಸಂಗೀತಗಾರರೆಲ್ಲ ಇದ್ದಾರೆ, ಆದರೂ ದನಿ ತುಂಬಾ ಗಿಜಿಗಿಜಿ. ಅದು ಕೇಟ್‌ಗೂ ತೃಪ್ತಿ ಕೊಡಲಿಲ್ಲ ಅನ್ನುವುದಕ್ಕೆ ‘ಡೈರೆಕ್ಟರ್ಸ್ ಕಟ್’ ಸಾಕ್ಷಿ: ‘ಸೆನ್ಶುಯಲ್ ವರ್ಲ್ಡ್’ ಮತ್ತು ‘ರೆಡ್ ಶೂಸ್’ನಿಂದ 11 ಹಾಡು ಆರಿಸಿ, ದನಿ ಹೊಸದಾಗಿ ಹಾಡಿ, ಡ್ರಮ್ ಹೊಸದಾಗಿ ನುಡಿಸಿ, ಮತ್ತೆ ಕಟ್ಟಿದ್ದಾರೆ. ‘ಸೆನ್ಶುಯಲ್ ವರ್ಲ್ಡ್’ ಹಾಡು ನೆನಪಿಟ್ಟುಕೊಳ್ಳಿ ಅಂದೆನಲ್ಲ. ಅದಕ್ಕೆ ಜೇಮ್ಸ್ ಜಾಯ್ಸ್ ಕಾದಂಬರಿಯ ಮಾಲಿ ಬ್ಲೂಮ್ ಅನ್ನುವ ಪಾತ್ರದ ಮಾತುಗಳನ್ನೇ ಬಳಸಬೇಕು ಅಂತ ಆಸೆಯಿತ್ತು, ಹಕ್ಕುದಾರರು ಆಗ ಒಪ್ಪಲಿಲ್ಲ, ಕೇಟ್ ತಮ್ಮದೇ ಮಾತು ಬರೆದರು. 20 ವರ್ಷ ದಾಟಿದ ಮೇಲೆ ಅನುಮತಿ ಸಿಕ್ಕಿತು, ಆ ಮಾತುಗಳನ್ನೇ ಇಟ್ಟು ‘ಫ್ಲವರ್ ಆಫ್ ದಿ ಮೌಂಟನ್’ ಆಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ನನಗೆ ಹಳೆಯದೇ ಇಷ್ಟ, ಅನುಮತಿ ಸಿಗದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಆದರೆ ‘ದಿಸ್ ವುಮನ್ಸ್ ವರ್ಕ್’ ವಿಷಯದಲ್ಲಿ ಹಾಗೆ ಹೇಳಲಾರೆ, 2011ರದು ಎಷ್ಟು ನಿಧಾನ, ಎಷ್ಟು ಬರಿದು ಅಂದರೆ ಹಳೆಯದನ್ನು ಮರೆತೇಬಿಡುತ್ತೀರಿ.

‘50 ವರ್ಡ್ಸ್ ಫಾರ್ ಸ್ನೋ’ದಲ್ಲಿ ಏಳೇ ಹಾಡು, 65 ನಿಮಿಷ. ಪಿಯಾನೋ, ಸ್ಟೀವ್ ಗ್ಯಾಡ್ ಡ್ರಮ್, ತುಂಬ ಜಾಗ. ವಾಲ್ಯೂಮ್ ಕಮ್ಮಿ ಇಟ್ಟು, ರಾತ್ರಿ ಕೇಳಿ. ಅವಸರದಲ್ಲಿದ್ದಾಗ ಬೇಡವೇ ಬೇಡ.

ಕೊನೆಯ ನಾಲ್ಕು ಸಿಡಿ ಉಳಿಯಿತು. ಇವನ್ನು ಆಲ್ಬಂನಂತೆ ಕೇಳಬಾರದು, ಇಲ್ಲಿ ಶಫಲ್ ಆನ್ ಮಾಡಿಕೊಂಡರೂ ನಡೆಯುತ್ತದೆ. ಎಲ್ಲಕ್ಕಿಂತ ಮೊದಲು ‘ಅಂಡರ್ ದಿ ಐವಿ’, ಎರಡು ನಿಮಿಷದ ಪಿಯಾನೋ ಹಾಡು, ‘ರನ್ನಿಂಗ್ ಅಪ್ ದಟ್ ಹಿಲ್’ ಸಿಂಗಲ್‌ನ ಹಿಂಬದಿಯಲ್ಲಿ ಸುಮ್ನೆ ಕೂತಿತ್ತು. ಆಮೇಲೆ ‘ಎಕ್ಸ್‌ಪೆರಿಮೆಂಟ್ 4’, ಸದ್ದಿನಿಂದಲೇ ಕೊಲ್ಲುವ ಆಯುಧ ಮಾಡಲು ಹೊರಟ ಸೇನೆಯ ಕಥೆ. ‘ಹಮ್ಮಿಂಗ್’ ಅನ್ನುವುದು ಹದಿಹರೆಯದಲ್ಲಿ ಮಾಡಿದ ಡೆಮೋ, ಅಂದರೆ ಮಾದರಿ ರೆಕಾರ್ಡಿಂಗ್, ಈ ಬಾಕ್ಸ್ ಬರುವವರೆಗೆ ಅಧಿಕೃತವಾಗಿ ಹೊರಬಂದಿರಲಿಲ್ಲ. 1986ರಲ್ಲಿ ಮತ್ತೆ ಹಾಡಿದ ‘ವದರಿಂಗ್ ಹೈಟ್ಸ್’ ಕೂಡ ಇಲ್ಲಿದೆ, ಮೊದಲ ಸಿಡಿಯದರ ಜೊತೆ ಹೋಲಿಸಿ ನೋಡಿ, ಎಂಟೇ ವರ್ಷಕ್ಕೆ ದನಿ ಎಷ್ಟು ಕೆಳಗಿಳಿದು ಗಟ್ಟಿಯಾಗಿದೆ. ಬೇರೆಯವರ ಹಾಡುಗಳ ಸಿಡಿಯಲ್ಲಿ ಎಲ್ಟನ್ ಜಾನ್ ಅವರ ‘ರಾಕೆಟ್ ಮ್ಯಾನ್’ ಜಮೈಕಾದ ರೆಗ್ಗೆ ತಾಳಕ್ಕೆ ಬಂದಿದೆ, ‘ಮೈ ಲಗಾನ್ ಲವ್’ ಯಾವ ವಾದ್ಯವೂ ಇಲ್ಲದೆ ಬಂದಿದೆ. 12 ಇಂಚಿನ ತಟ್ಟೆಗೆ ಮಾಡಿದ ಮಿಕ್ಸ್‌ಗಳ ಸಿಡಿಯಲ್ಲಿ ಇರುವುದು ಐದೇ ಹಾಡು, ಎಲ್ಲ ಎಂಬತ್ತರ ದಶಕದ ಡಾನ್ಸ್ ಫ್ಲೋರಿಗೆ ಎಳೆದು ಉದ್ದ ಮಾಡಿದವು. ಅದರಲ್ಲಿ ‘ದಿ ಬಿಗ್ ಸ್ಕೈ’ ಒಂದನ್ನು ಜೋರಾಗಿ ಹಾಕಿ ಕೇಳಿ, ಉಳಿದವು ಯಾವಾಗಲಾದರೂ ಆಗುತ್ತದೆ.